ಸುತ್ತಿಗೆಗೆ ಬಗ್ಗದ ಡಾಲ್ಫಿನ್

ಚಿಮ್ಮಡದಂಥ ಹಳ್ಳಿಯಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಸೊಟ್ಟಗಾದರೆ ಗ್ಯಾರೇಜಿನವರಿಗೆ ಅದು ಲೆಕ್ಕಕ್ಕಿಲ್ಲ: ಸುತ್ತಿಗೆಯಿಂದ ತಟ್ಟಿ ಬಣ್ಣ ಹೊಡೆದರಾಯಿತು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಡಾಲ್ಫಿನ್ ಕಾರಿನ ಮುಂದೆ ಆ ಆಟ ನಡೆಯದು. ಅದರ ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು.

ಬ್ರಿಟನ್ನಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಎಂಜಿನ್, ಮೊದಲಿಗೆ ಎರಡೇ ಬಾಗಿಲು. ಸಂಸಾರಕ್ಕೆಂದು ಮಾಡಿದ ಕಾರು ಹಗುರ ಮೈಯಿಂದಾಗಿ ರ‍್ಯಾಲಿಗಳಲ್ಲೂ ಮದ್ರಾಸಿನ ಹತ್ತಿರದ ಷೋಳಾವರಂ ಓಟಗಳಲ್ಲೂ ಹೆಸರು ಮಾಡಿತು.

ಫೈಬರ್‌ಗ್ಲಾಸಿನ ಮೈಗೆ ತುಕ್ಕು ಹಿಡಿಯದು. ಕೆಳಗಿನ ಉಕ್ಕಿನ ಚಾಸಿಗೆ ಮಾತ್ರ ಆ ಭಾಗ್ಯವಿಲ್ಲ. ಫೈಬರಿನ ಕಾಯಿಲೆಯೇ ಬೇರೆ. ಮೇಲ್ಪದರದಲ್ಲಿ ಜೇಡರಬಲೆಯಂಥ ಬಿರುಕು ಏಳುತ್ತದೆ. ಅದರ ಮೇಲೆ ಬರೀ ಪುಟ್ಟಿ ಮೆತ್ತಿದರೆ ಬಿರುಕು ಮತ್ತೆ ಇಣುಕುತ್ತದೆ. ಬುಡದವರೆಗೆ ಉಜ್ಜಿ ತೆಗೆದು, ಹಿಂಬದಿಗೆ ಗಾಜುನಾರಿನ ಮ್ಯಾಟ್ ಹಾಸಿ ರೆಸಿನ್ ಸವರಬೇಕು. ಗಟ್ಟಿಯಾಗುವವರೆಗೆ ಕಾಯಬೇಕು, ಅವಸರದವರಿಗೆ ಈ ಕೆಲಸ ಆಗದು.

ಆಮೇಲೆ ಕಾರ್ಖಾನೆಯ ಮೂಲರೂಪ ಉಳಿಸುವ ಪ್ರಶ್ನೆ. ಹೆಚ್ಚು ಉಜ್ಜಿದರೆ ಅಂಚುಗಳು ದುಂಡಾಗಿ, ಅಚ್ಚಿನಲ್ಲಿ ಮೂಡಿದ ಗೆರೆಗಳೇ ಅಳಿಸಿಹೋಗುತ್ತವೆ. ಮೂಲದಲ್ಲಿಲ್ಲದ ಕನ್ನಡಿಯಂಥ ನುಣುಪೂ ಇಲ್ಲಿ ತಪ್ಪೇ. ಬಾನೆಟ್ ಪೂರ್ತಿ ಒಡೆದಿದ್ದರೆ ಉಳಿದಿರುವ ಇನ್ನೊಂದು ಡಾಲ್ಫಿನ್ ಹುಡುಕಿ, ಅದರ ಮೇಲೆಯೇ ಅಚ್ಚು ತೆಗೆದು ಹೊಸದನ್ನು ಮಾಡಿಕೊಳ್ಳುವುದು ದಾರಿ.