ಒಪ್ಪಂದಕ್ಕೆ ಹೂಂ, ಕ್ಯಾಸಿನೊಗೆ ಉಹೂಂ

2007ರ ಜುಲೈ 28, ಶನಿವಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಡಲ್‌ಬರೊ ಎಂಬ ಊರಿನ ಹೈಸ್ಕೂಲ್ ಮೈದಾನದಲ್ಲಿ ಸುಡುವ ಬಿಸಿಲಿಗೆ ಊರಿಗೂರೇ ಬಂದು ಕೂತಿತ್ತು. ಇಪ್ಪತ್ತು ಸಾವಿರ ಚಿಲ್ಲರೆ ಜನರ ಊರು. ಯಾವ ಸಭಾಂಗಣವೂ ಸಾಲದೆಂದು ಸಭೆಯನ್ನು ಬಯಲಿಗೆ ತಂದಿದ್ದರು. ಆ ಸೀಮೆಯ ಊರುಗಳಲ್ಲಿ ‘ಟೌನ್ ಮೀಟಿಂಗ್’ ಎಂಬ ಹಳೆಯ ಪದ್ಧತಿಯಿದೆ. ನಮ್ಮ ಗ್ರಾಮಸಭೆಯ ಜಾತಿಯದೇ, ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕಾಫಿ ಕುಡಿದು ಎದ್ದು ಬರುವ ಬಾಬತ್ತಲ್ಲ. ಊರಿನ ಬಜೆಟ್ಟನ್ನೂ ಮತದಾರರೇ ಕೂತು ಪಾಸು ಮಾಡಬೇಕು.

ಅಂದಿನ ಮುಖ್ಯ ಪ್ರಶ್ನೆ ಒಂದೇ. ಮ್ಯಾಶ್‌ಪೀ ವಾಂಪನೋಗ್ ಎಂಬ ಬುಡಕಟ್ಟು ಇಲ್ಲಿ ಕ್ಯಾಸಿನೊ ಕಟ್ಟಬೇಕೆಂದಿದೆ; ಅವರ ಜೊತೆ ಊರು ಮಾಡಿಕೊಂಡ ಒಪ್ಪಂದಕ್ಕೆ ಒಪ್ಪಿಗೆಯೇ? ಪರವಾಗಿ 2,387 ಮತ, ವಿರುದ್ಧ 1,335. ಗೆದ್ದವರು ಕುಣಿದಾಡಬಹುದಿತ್ತು. ಆದರೆ ಅದೇ ಸಭೆಯಲ್ಲಿ, ಯಾರನ್ನೂ ಕಟ್ಟಿಹಾಕದ ಇನ್ನೊಂದು ಪ್ರಶ್ನೆಯನ್ನೂ ಇಟ್ಟರು: ಅಸಲಿಗೆ ನಮ್ಮೂರಿಗೆ ಕ್ಯಾಸಿನೊ ಬೇಕೇ? ಜನ ಬೇಡ ಎಂದರು.

ಇದೆಂಥ ತಲೆಕೆಟ್ಟ ಊರು ಎನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ರಸ್ತೆ ಅಗಲೀಕರಣದ ನೋಟಿಸು ಮನೆ ಬಾಗಿಲಿಗೆ ಬಂದ ಮೇಲೆ ನಮ್ಮಲ್ಲಿ ಯಾರಾದರೂ ‘ರಸ್ತೆ ಬೇಕೇ’ ಎಂದು ಚರ್ಚೆಗೆ ಕೂರುತ್ತಾರೆಯೇ? ಚದರ ಅಡಿಗೆ ಎಷ್ಟು ಕೊಡುತ್ತಾರೆ ಎಂದು ಕೇಳುತ್ತಾರೆ. ಬುಡಕಟ್ಟಿನ ಜೂಜುಕಟ್ಟೆಗೆ ಸಣ್ಣ ಊರುಗಳು ಕೊಡುವ ‘ಬೆಂಬಲ’ ಬಹಳ ಕಡೆ ಇದೇ ಬಗೆಯದು. ಒಳಗೆ ಪ್ರೀತಿ ಇರಬೇಕೆಂದಿಲ್ಲ, ಲೆಕ್ಕ ಇರುತ್ತದೆ.

ಲೆಕ್ಕ ಹೀಗೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟೆಂದರೆ ಒಂದು ಸರ್ಕಾರ. ಅದರ ಹೆಸರಿನಲ್ಲಿ ಒಕ್ಕೂಟ ಸರ್ಕಾರ ಒಂದಿಷ್ಟು ಭೂಮಿಯನ್ನು ಟ್ರಸ್ಟ್ ಆಗಿ ಇಟ್ಟುಕೊಂಡರೆ ಅಲ್ಲಿ ಊರಿನ ಆಸ್ತಿ ತೆರಿಗೆ ನಡೆಯುವುದಿಲ್ಲ. ಕಟ್ಟಡಕ್ಕೆ ಎಷ್ಟು ಅಂತಸ್ತು, ಎಲ್ಲಿ ಏನು ಕಟ್ಟಬೇಕು ಎಂಬ ಊರಿನ ನಿಯಮವೂ ನಡೆಯುವುದಿಲ್ಲ. ಆದರೆ ಬರುವ ಸಾವಿರಾರು ಕಾರುಗಳು ಓಡುವುದು ಊರಿನ ರಸ್ತೆಯಲ್ಲಿ. ಬೆಂಕಿ ಬಿದ್ದರೆ, ಕುಡಿದು ಗಲಾಟೆಯಾದರೆ ಕರೆ ಬರುವುದು ಊರಿನ ಠಾಣೆಗೆ. ಹಾಗಾಗಿ ಬರುವುದು ಬಂದೇ ಬರುತ್ತದೆ ಎಂದಾದರೆ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುವುದು ವಾಸಿ. ಮಿಡಲ್‌ಬರೊ ವರ್ಷಕ್ಕೆ 70 ಲಕ್ಷ ಡಾಲರ್ ಬರೆಸಿಕೊಂಡಿತು, ರಸ್ತೆ-ನೀರು ಮುಂತಾದ ಕಾಮಗಾರಿಗೆ ಸುಮಾರು 25 ಕೋಟಿ ಡಾಲರ್ ಬೇರೆ. ಅದೇ 2007ರಲ್ಲಿ ನಮ್ಮ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು. ಮೂಲೆಯ ಟೇಬಲ್ಲಿನ ಲಾಟರಿ ಮಾರಾಟವನ್ನು ಒಂದು ಆದೇಶದಲ್ಲಿ ಎತ್ತಿಸುವ ಅಧಿಕಾರ ನಮ್ಮ ಸರ್ಕಾರಕ್ಕಿತ್ತು. ಮಿಡಲ್‌ಬರೊಗೆ ಅಂಥ ಅಧಿಕಾರ ಇರಲಿಲ್ಲ.

ಬುಡಕಟ್ಟುಗಳು ಕ್ಯಾಸಿನೊ ನಡೆಸುವ ಈ ಏರ್ಪಾಡು ಹುಟ್ಟಿದ್ದು ಒಂದು ತೆರಿಗೆ ಚೀಟಿಯಿಂದ. ಮಿನೆಸೋಟಾ ರಾಜ್ಯದ ಲೀಚ್ ಲೇಕ್ ಮೀಸಲು ಪ್ರದೇಶದಲ್ಲಿ ಬ್ರಯನ್ ಎಂಬ ಓಜಿಬ್ವೆ ದಂಪತಿ ಎಳೆದೊಯ್ಯುವಂಥ ತಗಡಿನ ಮನೆಯೊಂದರಲ್ಲಿ ಇದ್ದರು. 1972ರಲ್ಲಿ ಆ ಮನೆಗೆ 147 ಡಾಲರ್ 95 ಸೆಂಟ್ ತೆರಿಗೆ ಕಟ್ಟಿ ಎಂದು ಜಿಲ್ಲಾಡಳಿತದಿಂದ ಚೀಟಿ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಏರಿತು. 1976ರಲ್ಲಿ ಎಲ್ಲ ನ್ಯಾಯಮೂರ್ತಿಗಳೂ ದಂಪತಿಯ ಪರ ನಿಂತು, ಮೀಸಲು ಪ್ರದೇಶದೊಳಗೆ ರಾಜ್ಯ ತನ್ನ ತೆರಿಗೆ, ನಿಯಂತ್ರಣಗಳನ್ನು ಹೇರುವಂತಿಲ್ಲ ಎಂದರು. ಹಾಗಿದ್ದರೆ ಜೂಜಿನ ನಿಯಂತ್ರಣ? ಫ್ಲಾರಿಡಾದ ಸೆಮಿನೋಲ್ ಬುಡಕಟ್ಟು 1979ರಲ್ಲಿ ಭಾರೀ ಬಹುಮಾನದ ಬಿಂಗೊ ಮನೆ ತೆರೆದು ನೋಡಿತು. ಬಿಂಗೊ ಎಂದರೆ ನಮ್ಮ ಕ್ಲಬ್ಬುಗಳಲ್ಲಿ ಶನಿವಾರ ಆಡುವ ತಂಬೋಲದ ಅಣ್ಣ. ಕೇಸು ಬಿತ್ತು, ಬುಡಕಟ್ಟು ಗೆದ್ದಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಕಬಜಾನ್ ಎಂಬ ಪುಟ್ಟ ಬುಡಕಟ್ಟಿನ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು: ಜೂಜನ್ನು ಪೂರಾ ನಿಷೇಧಿಸದೆ ನಿಯಂತ್ರಿಸುವಷ್ಟಕ್ಕೆ ಬಿಟ್ಟಿರುವ ರಾಜ್ಯ, ಬುಡಕಟ್ಟಿನ ನೆಲದಲ್ಲಿ ಅದನ್ನು ತಡೆಯುವಂತಿಲ್ಲ.

ಮರುವರ್ಷ ಅಮೆರಿಕದ ಸಂಸತ್ತು ‘ಇಂಡಿಯನ್ ಗೇಮಿಂಗ್ ರೆಗ್ಯುಲೇಟರಿ ಆ್ಯಕ್ಟ್’ ಮಾಡಿತು. (ಈ ಹೆಸರು ಓದಿ ಬೆಂಗಳೂರಿನ ರಮ್ಮಿ ಆ್ಯಪುಗಳ ಕಾನೂನು ಎಂದುಕೊಂಡವರಲ್ಲಿ ನಾನೂ ಒಬ್ಬ. ಕೊಲಂಬಸ್ ದಾರಿ ತಪ್ಪಿದ್ದರ ತೊಂದರೆ ಇನ್ನೂ ಮುಗಿದಿಲ್ಲ.) ಅದರ ಪ್ರಕಾರ ಸಂಪ್ರದಾಯದ ಆಟಗಳು ಬುಡಕಟ್ಟಿನ ಸ್ವಂತ ವಿಚಾರ, ಬಿಂಗೊ ಥರದವಕ್ಕೆ ಒಕ್ಕೂಟದ ಆಯೋಗದ ಕಣ್ಣೂ ಇರಬೇಕು, ಸ್ಲಾಟ್ ಮಷಿನ್, ರೂಲೆಟ್ ಇಡಬೇಕಾದರೆ ರಾಜ್ಯದ ಜೊತೆ ಒಡಂಬಡಿಕೆ ಆಗಬೇಕು. ಲಾಭವನ್ನು ಎಲ್ಲಿ ಖರ್ಚು ಮಾಡಬೇಕೆಂಬುದನ್ನೂ ಕಾನೂನೇ ಹೇಳುತ್ತದೆ: ಬುಡಕಟ್ಟಿನ ಆಡಳಿತ, ಜನರ ಕ್ಷೇಮ, ಆರ್ಥಿಕ ಅಭಿವೃದ್ಧಿ, ದಾನಧರ್ಮ, ಸುತ್ತಲಿನ ಸ್ಥಳೀಯ ಸಂಸ್ಥೆಗಳಿಗೆ ನೆರವು. 2023ರ ಹೊತ್ತಿಗೆ 29 ರಾಜ್ಯಗಳಲ್ಲಿ 243 ಬುಡಕಟ್ಟುಗಳು ಇಂಥ 527 ಕೇಂದ್ರಗಳನ್ನು ನಡೆಸುತ್ತಿದ್ದವು. ಆ ವರ್ಷದ ಒಟ್ಟು ಆದಾಯ 4,190 ಕೋಟಿ ಡಾಲರ್. ಅದರ ದೊಡ್ಡ ಪಾಲು ಕೆಲವೇ ದೊಡ್ಡ ಕ್ಯಾಸಿನೊಗಳದು. ಎಷ್ಟೋ ಬುಡಕಟ್ಟುಗಳಿಗೆ ಬರುವುದು ಶಾಲೆ, ದವಾಖಾನೆ ನಡೆಸುವಷ್ಟೇ.

ಊರೂ ಬುಡಕಟ್ಟೂ ಹೊಂದಿಕೊಂಡು ಹೋದರೆ ಹೇಗೆ, ಜಗಳಕ್ಕೆ ಬಿದ್ದರೆ ಹೇಗೆ ಎಂದು ಒಟ್ಟಿಗೇ ನೋಡಬೇಕೆಂದರೆ ಪಕ್ಕದ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಬೇಕು. ಲೆಡ್ಯರ್ಡ್ ಎಂಬ ಹಳ್ಳಿಯಂಥ ಊರಲ್ಲಿ ಮಶಾನ್‌ಟಕೆಟ್ ಪೀಕ್ವಾಟ್ ಬುಡಕಟ್ಟು 1992ರಲ್ಲಿ ಫಾಕ್ಸ್‌ವುಡ್ಸ್ ಕ್ಯಾಸಿನೊ ತೆರೆಯಿತು. ಅಮೆರಿಕದ ಬ್ಯಾಂಕುಗಳು ಕೈ ಕೊಡವಿದ್ದರಿಂದ ದುಡ್ಡು ಬಂದದ್ದು ಮಲೇಷ್ಯಾದ ಗೆಂಟಿಂಗ್ ಮನೆತನದಿಂದ. ಅದು ಬೆಳೆದ ವೇಗಕ್ಕೆ ಲೆಡ್ಯರ್ಡ್ ಬೆಚ್ಚಿಬಿತ್ತು. ಇನ್ನಷ್ಟು ಭೂಮಿ ಟ್ರಸ್ಟಿಗೆ ಹೋಗದಂತೆ ಸುತ್ತಲಿನ ಮೂರು ಊರುಗಳು ವರ್ಷಗಟ್ಟಲೆ ಕೋರ್ಟು ಅಲೆದವು. ಅವರ ಇನ್ನೊಂದು ಅಳಲೂ ಸುಳ್ಳಲ್ಲ: ಸ್ಲಾಟ್ ಮಷಿನ್ ಆದಾಯದ ನೂರಕ್ಕೆ 25 ಪಾಲು ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಅದರಲ್ಲಿ ಒಂದಂಶವನ್ನು ರಾಜ್ಯ ಎಲ್ಲ 169 ಊರುಗಳಿಗೂ ಹಂಚುತ್ತದೆ. ಟ್ರಾಫಿಕ್ ಒಬ್ಬರಿಗೆ, ಪ್ರಸಾದ ಎಲ್ಲರಿಗೆ.

ಕನೆಕ್ಟಿಕಟ್‌ನದೇ ಥೇಮ್ಸ್ ನದಿಯ ಆಚೆ ದಡದ ಮಾಂಟ್‌ವಿಲ್‌ನ ಮಾತೇ ಬೇರೆ. ಅಲ್ಲಿನ ಅಂಕಸ್‌ವಿಲ್ ಎಂಬಲ್ಲಿ ನೌಕಾಪಡೆಯ ಜಲಾಂತರ್ಗಾಮಿಗಳಿಗೆ ಅಣು ಇಂಧನ ತಯಾರಿಸುವ ಕಾರ್ಖಾನೆಯಿತ್ತು. ಶೀತಲ ಸಮರ ಮುಗಿದದ್ದೇ ಅದು ಬಾಗಿಲು ಹಾಕಿತು. ಸುತ್ತಮುತ್ತ ಯುದ್ಧನೌಕೆಯ ಕೆಲಸ ನಂಬಿದ್ದ ಮನೆಗಳಿಗೆ ಏಟು ಬಿತ್ತು. ಬಿಕೋ ಎನ್ನುತ್ತಿದ್ದ ಆ ಕಾರ್ಖಾನೆ ಜಾಗದಲ್ಲೇ 1996ರಲ್ಲಿ ಮೊಹಿಗನ್ ಬುಡಕಟ್ಟಿನ ಕ್ಯಾಸಿನೊ ಎದ್ದಿತು. ವರ್ಷಕ್ಕೆ 5 ಲಕ್ಷ ಡಾಲರ್ ಕೊಡುವುದಾಗಿ ಬುಡಕಟ್ಟು ಊರಿನೊಂದಿಗೆ ಮೊದಲೇ ಕರಾರು ಮಾಡಿಕೊಂಡಿತ್ತು. ಅಣು ಕಾರ್ಖಾನೆಯ ಜಾಗಕ್ಕೆ ಇನ್ಯಾರು ಬರುತ್ತಿದ್ದರು?

ಆದರೆ ಒಪ್ಪಂದದ ಯಾವ ಕಲಮಿನಲ್ಲೂ ಇರದ ಸಂಗತಿಯೊಂದು ಮಾಂಟ್‌ವಿಲ್‌ನಲ್ಲಿ ನಡೆಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನ ಚೈನಾಟೌನಿನ ಎಷ್ಟೋ ಹೊಲಿಗೆ ಕಾರ್ಖಾನೆಗಳು ಮುಚ್ಚಿದವು. ಕೆಲಸ ಹೋದವರು ಕ್ಯಾಸಿನೊದ ಅಡುಗೆಮನೆಗೆ, ಹೋಟೆಲ್ ಕೋಣೆಗಳ ಚೊಕ್ಕಟಕ್ಕೆ, ಇಸ್ಪೀಟು ಹಂಚುವ ಮೇಜಿಗೆ ಬಂದರು. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಹಲವರು ಕೂಡಿ ಬಾಡಿಗೆಗೆ ನಿಂತರು. ರಾತ್ರಿ ಪಾಳಿಯವರು ಎದ್ದು ಹೋಗುವಾಗ ಹಗಲು ಪಾಳಿಯವರು ಮಲಗಲು ಬರುವರು. ಮನೆ ಮುಂದಿನ ಹುಲ್ಲುಹಾಸು ಅಗೆದು ಸೊಪ್ಪು, ಸೋರೆ ಹಾಕಿದರು. ಅಂಗಳದಲ್ಲಿ ಮೀನು ಒಣಗಿತು. ಫುಟ್‌ಪಾತೇ ಇಲ್ಲದ ರಸ್ತೆಯಂಚಿನಲ್ಲಿ ಸಮವಸ್ತ್ರ ತೊಟ್ಟು ಸಾಲಾಗಿ ಕೆಲಸಕ್ಕೆ ನಡೆದು ಹೋದರು. ಕಾರಿಲ್ಲದೆ ಹಾಲು ತರಲೂ ಹೊರಡದ ನೆರೆಹೊರೆಯವರಿಗೆ ಇದು ಹೊಸ ನೋಟ. ಹುಲ್ಲುಹಾಸಿನ ಬಗ್ಗೆ ದೂರುಗಳೂ ಹೋದವು. ನೆಲ ಇದ್ದೂ ಸೊಪ್ಪು ಬೆಳೆಯದೆ ಹುಲ್ಲು ಕತ್ತರಿಸುವವರದ್ದೇ ವಿಚಿತ್ರ ಎಂದು ನಮ್ಮ ಮಲೆನಾಡಿನ ಅಜ್ಜಿಯರು ಹೇಳಿಯಾರು.

ಮತ್ತೆ ಮಿಡಲ್‌ಬರೊಗೆ. ಅದು ಕ್ರ್ಯಾನ್‌ಬೆರಿ ಬೆಳೆಯುವ ಸೀಮೆ, ನಮ್ಮ ಕವಳಿ ಹಣ್ಣಿನಷ್ಟೇ ಹುಳಿಯ ಕೆಂಪು ಕಾಯಿ. ಊರಿನ ಹಳೆಯ ಹೆಸರು ನೆಮಾಸ್ಕೆಟ್. ಅದೇ ಹೆಸರಿನ ಹೊಳೆಗೆ ಪ್ರತಿ ವಸಂತದಲ್ಲೂ ಕಡಲಿನಿಂದ ಹೆರಿಂಗ್ ಮೀನು ಹತ್ತಿ ಬರುತ್ತದೆ. ಹೆಸರು ಕೊಟ್ಟವರು ವಾಂಪನೋಗರು, 1620ರಲ್ಲಿ ಹಡಗಿಳಿದ ಇಂಗ್ಲಿಷರನ್ನು ಮೊದಲ ವರ್ಷಗಳಲ್ಲಿ ಬದುಕಿಸಿದವರು. ಅವರದೇ ಊರಾಗಿದ್ದ ಮ್ಯಾಶ್‌ಪೀಯನ್ನು 1870ರಲ್ಲಿ ರಾಜ್ಯ ಸಾಮಾನ್ಯ ಟೌನ್ ಮಾಡಿತು. ಜಮೀನು ಕೈಬದಲಾಗುತ್ತಾ ಹೋಗಿ ನೂರು ವರ್ಷದಲ್ಲಿ ಹೊರಗಿನವರೇ ಹೆಚ್ಚಾದರು. 1976ರಲ್ಲಿ ಬುಡಕಟ್ಟು ಭೂಮಿ ಕೇಳಿ ಕೋರ್ಟಿಗೆ ಹೋದರೆ, 1978ರಲ್ಲಿ ಬೋಸ್ಟನ್ನಿನ ಜ್ಯೂರಿ ‘ನೀವು ಕಾನೂನಿನ ಲೆಕ್ಕದಲ್ಲಿ ಬುಡಕಟ್ಟಾಗಿ ಉಳಿದೇ ಇಲ್ಲ’ ಎಂಬರ್ಥದ ತೀರ್ಪು ಕೊಟ್ಟಿತು. ಒಕ್ಕೂಟ ಸರ್ಕಾರ ‘ನೀವು ಬುಡಕಟ್ಟೇ’ ಎಂದು ಒಪ್ಪಿದ್ದು 2007ರಲ್ಲಿ. ಅದೇ ಬೇಸಿಗೆಯಲ್ಲಿ ಅವರು ನೆಮಾಸ್ಕೆಟ್ಟಿನ ಮೈದಾನದಲ್ಲಿ ಊರಿನ ಒಪ್ಪಿಗೆಗೆ ಕಾಯುತ್ತಿದ್ದರು. ಬೆಂಬಲದ ಬಗ್ಗೆ ಮಾತಾಡುವಾಗ ಯಾರು ಯಾರನ್ನು ಕೇಳಬೇಕಿತ್ತು ಎಂಬುದು ನನ್ನ ತಲೆಯಿಂದ ಹೋಗುವುದಿಲ್ಲ.

ಕೊಟ್ಟ ಒಪ್ಪಿಗೆ ಕೆಲಸಕ್ಕೆ ಬರಲಿಲ್ಲ. ತಿಂಗಳೊಳಗೆ ಬುಡಕಟ್ಟಿನ ಅಧ್ಯಕ್ಷರು ತಮ್ಮ ಸೈನಿಕ ಸೇವೆಯ ಬಗ್ಗೆ ಹೇಳಿದ ಸುಳ್ಳು ಹೊರಬಿದ್ದು ರಾಜೀನಾಮೆ ಕೊಟ್ಟರು. 2009ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಬುಡಕಟ್ಟಿನ ಕೇಸಿನಲ್ಲಿ, 1934ರಲ್ಲಿ ಒಕ್ಕೂಟದ ಅಧೀನದಲ್ಲಿದ್ದವರಿಗಷ್ಟೇ ಟ್ರಸ್ಟ್ ಭೂಮಿ ಎಂದಿತು; 2007ರಲ್ಲಷ್ಟೇ ಮಾನ್ಯತೆ ಸಿಕ್ಕ ಇವರಿಗೆ ಅದು ತೊಡಕಾಯಿತು. 2010ರಲ್ಲಿ ಬುಡಕಟ್ಟು ಮಿಡಲ್‌ಬರೊ ಬಿಟ್ಟು ಫಾಲ್ ರಿವರ್ ಕಡೆ ಮುಖ ಮಾಡಿತು, ಅಲ್ಲಿಂದ ಟಾಂಟನ್ನಿಗೆ. ಬೆಳ್ಳಿ ಚಮಚ, ತಟ್ಟೆಗಳಿಗೆ ಹೆಸರಾಗಿದ್ದ ಊರದು. 2012ರ ಜೂನಿನಲ್ಲಿ ಅಲ್ಲಿ ಮತದಾನವಾಗಿ ನೂರಕ್ಕೆ 63 ಮಂದಿ ಕ್ಯಾಸಿನೊ ಬೇಕೆಂದರು. 1824ರಲ್ಲಿ ಶುರುವಾಗಿ ಬೆಳ್ಳಿ ಪಾತ್ರೆಗೆ ಹೆಸರಾಗಿದ್ದ ಅಲ್ಲಿನ ರೀಡ್ ಆ್ಯಂಡ್ ಬಾರ್ಟನ್ ಕಂಪನಿ 2015ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಟಾಂಟನ್ನಿನ 151 ಎಕರೆ ಸೇರಿ 321 ಎಕರೆ ಬುಡಕಟ್ಟಿನ ಟ್ರಸ್ಟಿಗೆ ಬಂತು. 2016ರ ಏಪ್ರಿಲ್‌ನಲ್ಲಿ ಗುದ್ದಲಿ ಪೂಜೆಯಾಯಿತು.

ಆ ಹೊತ್ತಿಗಾಗಲೇ ಈಸ್ಟ್ ಟಾಂಟನ್ನಿನ ಎರಡು ಡಜನ್ ನೆರೆಯವರು ಕೇಸು ಹಾಕಿದ್ದರು. ಜುಲೈನಲ್ಲಿ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟು ಕೆಲಸ ನಿಂತಿತು. 2020ರ ಮಾರ್ಚ್‌ನಲ್ಲಿ, ಕೊರೊನಾಗೆ ಜನ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ನಿಮ್ಮ ಮೀಸಲು ಪ್ರದೇಶವನ್ನೇ ತೆಗೆದುಹಾಕುತ್ತೇವೆಂದು ಸರ್ಕಾರ ಬುಡಕಟ್ಟಿಗೆ ತಿಳಿಸಿತು. ಮತ್ತೆ ಕೋರ್ಟು, ಮತ್ತೆ ಕಾಗದ. ಭೂಮಿ ನಿಮ್ಮದೇ ಎಂದು ಸರ್ಕಾರ 2021ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಬರೆದುಕೊಟ್ಟಿತು. ಈಸ್ಟ್ ಟಾಂಟನ್ನಿನವರು ಅದರ ಮೇಲೂ ಕೇಸು ಹಾಕಿದರು.