ಶೋಗನ್ ವರ ಕೊಟ್ಟ, ಭಿಕ್ಷು ಹೂ ಬೇಡವೆಂದ

ನವೆಂಬರ್ 23 ಜಪಾನಿನಲ್ಲಿ ಸಾರ್ವಜನಿಕ ರಜೆ. 1948ರಿಂದ ಇದು ದುಡಿಮೆಗೆ ಕೃತಜ್ಞತೆ ಹೇಳುವ ದಿನ. ಅದಕ್ಕೂ ಮೊದಲು ಹೊಸ ಅಕ್ಕಿಯನ್ನು ದೇವರಿಗೆ ಅರ್ಪಿಸುವ ಸುಗ್ಗಿಯ ದಿನವಾಗಿತ್ತು. ಕ್ಯೋಟೊದ ದೇಗುಲ ತೋಟಗಳಲ್ಲಿ ಮೇಪಲ್ ಎಲೆ ಕೆಂಪೇರುವುದೂ ಈ ಹೊತ್ತಿಗೇ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಎಲೆ ನೋಡಲು ಹೊರಡುತ್ತಾರೆ.

ಕ್ಯೋಟೊ ನಿಲ್ದಾಣದಿಂದ ನಾರಾ ಕಡೆಯ ರೈಲು ಹತ್ತಿ ಮೊದಲ ನಿಲ್ದಾಣದಲ್ಲೇ ಇಳಿದರೆ ತೋಫುಕುಜಿ. ಆಸ್ಥಾನದ ಪ್ರಭಾವಿ ಕುಜೊ ಮಿಚಿಯೆ 1236ರಲ್ಲಿ ಕಟ್ಟಿಸಲು ಸಂಕಲ್ಪಿಸಿದ ಝೆನ್ ಮಠವಿದು. ಆವರಣದ ನಡುವೆ ತೊರೆ ಹರಿಯುವ ಕಣಿವೆ, ಅದರ ಮೇಲೆ ಛಾವಣಿಯುಳ್ಳ ತ್ಸುತೆನ್‌ಕ್ಯೊ ಸೇತುವೆ, ಕೆಳಗೆ ಸುಮಾರು 2,000 ಮೇಪಲ್ ಮರಗಳು. ಸೇತುವೆಯ ಮೇಲೆ ನಿಂತವರಿಗೆ ಮರಗಳ ನೆತ್ತಿಯೇ ಕಾಣುತ್ತದೆ. ಎಲೆಗಳ ಬಣ್ಣ ಕಾಲ ಕೆಳಗೆ ಹರಡಿರುತ್ತದೆ.

ಜಪಾನಿನ ಪ್ರೀತಿಯ ಚೆರ್ರಿ ಹೂಮರಗಳು ಮಾತ್ರ ಇಲ್ಲಿ ಅಪರೂಪ. ಇದಕ್ಕೆ ಮಠದಲ್ಲೊಂದು ಕಥೆಯಿದೆ. ಹದಿನೈದನೇ ಶತಮಾನದ ಆರಂಭದಲ್ಲಿ ಇಲ್ಲಿದ್ದ ಚಿತ್ರಕಾರ ಭಿಕ್ಷು ಮಿಂಚೊ, ಬುದ್ಧನ ಪರಿನಿರ್ವಾಣದ ಬೃಹತ್ ಚಿತ್ರ ಬರೆದ. ಮೆಚ್ಚಿದ ಆಗಿನ ಸೇನಾಡಳಿತಗಾರ, ಶೋಗನ್ ಅಶಿಕಾಗ ಯೊಶಿಮೊಚಿ, ಬೇಕಾದ್ದನ್ನು ಕೇಳು ಎಂದ. ಮಿಂಚೊ ಹಣ ಕೇಳಲಿಲ್ಲ, ಪದವಿ ಕೇಳಲಿಲ್ಲ. ಮಠದ ಚೆರ್ರಿ ಮರಗಳನ್ನು ಕಡಿಸಿಬಿಡಿ, ಇಲ್ಲವಾದರೆ ಮುಂದೆ ಇದು ಮೋಜಿನ ತಾಣವಾದೀತು ಎಂದ. ಶೋಗನ್ ನಡೆಸಿಕೊಟ್ಟ.

ಮೇಪಲ್‌ಗೆ ಈ ಕಣಿವೆ ಹೇಳಿ ಮಾಡಿಸಿದ ಜಾಗ. ಇರುಳ ತಾಪಮಾನ 8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯತೊಡಗಿದರೆ ಎಲೆಯ ಪತ್ರಹರಿತ್ತು ಕರಗುತ್ತದೆ. ತೊಟ್ಟಿನ ಬುಡದಲ್ಲಿ ಪದರವೊಂದು ಬೆಳೆದು, ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಹಗಲಿನ ಬಿಸಿಲು ಸಿಕ್ಕರೆ ಅದರಿಂದ ಆಂಥೊಸಯನಿನ್ ಎಂಬ ಕೆಂಪು ಹುಟ್ಟುತ್ತದೆ. ತೊರೆಯ ತೇವ ಎಲೆಗಳನ್ನು ಒಣಗಿ ಮುದುಡದಂತೆ ಕಾಯುತ್ತದೆ. ಮೊದಲ ಮಠಾಧಿಪತಿ ಎನ್ನಿ ಚೀನಾದಿಂದ ತಂದನೆಂದು ನಂಬಲಾದ ಮೂರು ಸೀಳಿನ ಮೇಪಲ್ ಮಾತ್ರ ಹೊಂಬಣ್ಣಕ್ಕೆ ತಿರುಗುತ್ತದೆ. ಎಲೆಯಲ್ಲಿ ಮೊದಲಿನಿಂದಲೂ ಹಸಿರಿನ ಮರೆಯಲ್ಲಿದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಅದು.

ಸೇತುವೆ ದಾಟಿದವರು ಅಲ್ಲಿಂದಲೇ ಮರಳಬಾರದು. 1939ರಲ್ಲಿ ಮಿರೆಯ್ ಶಿಗೆಮೊರಿ ರೂಪಿಸಿದ ತೋಟಗಳು ಹೊಜೊ ಎಂಬ ಕಟ್ಟಡದ ನಾಲ್ಕೂ ಕಡೆ ಇವೆ. ಮಠ ಹಾಕಿದ್ದ ಷರತ್ತು ಒಂದೇ: ಹಳೆಯದೇನೂ ವ್ಯರ್ಥವಾಗಕೂಡದು. ಕಿತ್ತಿಟ್ಟಿದ್ದ ಹಾಸುಗಲ್ಲುಗಳು ಉತ್ತರದ ತೋಟದಲ್ಲಿ ಪಾಚಿಯ ನಡುವೆ ಚದುರಂಗದ ಮಣೆಯಂತೆ ಕೂತವು. ಹಳೆಯ ಕಂಬಗಳ ಅಡಿಗಲ್ಲುಗಳು ಪೂರ್ವದಲ್ಲಿ ಸಪ್ತರ್ಷಿ ಮಂಡಲವಾದವು. ನೆಲಕ್ಕುದುರಿದ ಕೆಂಪೆಲೆ ಎದ್ದು ಕಾಣುವುದು ಈ ಹಸಿರು ಪಾಚಿಯ ಮೇಲೆಯೇ. ಮರದ ಜಗಲಿಯಲ್ಲಿ ಕೂತು ನಿಧಾನವಾಗಿ ನೋಡಬೇಕು.

ಮಿಂಚೊ ಹೆದರಿದ್ದು ಚೆರ್ರಿಗೆ. ಜನರನ್ನು ಸೆಳೆದು ತಂದದ್ದು ಮೇಪಲ್. ಸೇತುವೆಯ ಮೇಲೆ ಫೋಟೊ ತೆಗೆಯುವವರ ನೂಕುನುಗ್ಗಲು ಹೆಚ್ಚಿದಾಗ, 2016ರಲ್ಲಿ ಮಠ ಎಲೆ ಕೆಂಪೇರುವ ಋತುವಿನಲ್ಲಿ ಅಲ್ಲಿ ಚಿತ್ರ ತೆಗೆಯುವುದನ್ನೇ ನಿಷೇಧಿಸಿತು. ಒಳ್ಳೆಯ ನಿರ್ಧಾರ. ದುಡಿದು ದಣಿದವರು ಸಿಕ್ಕ ಒಂದು ರಜೆಯನ್ನು ಪರದೆಯ ಮೂಲಕ ಕಳೆಯುವ ಬದಲು ಬರಿಗಣ್ಣಿಂದ ನೋಡಲಿ.

ಆದರೆ ಮಠದ ಕೈಯಲ್ಲಿಲ್ಲದ ಸಂಗತಿಯೊಂದಿದೆ. ಜಪಾನಿನ ಹವಾಮಾನ ಸಂಸ್ಥೆ 1953ರಿಂದ ದೇಶದಾದ್ಯಂತ ಮೇಪಲ್ ಬಣ್ಣ ತಿರುಗುವ ದಿನ ದಾಖಲಿಸುತ್ತಿದೆ. ಆ ದಿನ ದಶಕಕ್ಕೆ ಸುಮಾರು 3 ದಿನದಂತೆ ಮುಂದಕ್ಕೆ ಹೋಗುತ್ತಿದೆ. ಶರತ್ಕಾಲ ಬೆಚ್ಚಗಾದಂತೆ ಎಲೆ ತಡಮಾಡುತ್ತಿದೆ. ಹೀಗೇ ಆದರೆ ನವೆಂಬರ್ 23ರ ರಜೆಗೂ ಎಲೆಯ ಬಣ್ಣಕ್ಕೂ ಇರುವ ನಂಟು ತಪ್ಪಬಹುದು. ಒಬ್ಬ ಭಿಕ್ಷು ಮರ ಕಡಿಸಿ, ಒಂದು ಮಠ ಕಲ್ಲು ಕಾದಿರಿಸಿ ಈ ತೋಟವನ್ನು ನಮ್ಮವರೆಗೆ ತಲುಪಿಸಿದರು. ಚಳಿಯನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಕಣಿವೆಯ ಹೊರಗಿರುವ ನಮ್ಮೆಲ್ಲರದು.