ತರಗು ಬೆಂಕಿ ಆರಿದ ಮೇಲೆ

ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಮರಗಳನ್ನು ಒಂದು ಬಂದಳಿಕೆ ಕಾಡುತ್ತಿದೆ. ಇಲ್ಲಿನ ಬುಡಕಟ್ಟು ಜನರಾದ ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಕೊಂಬೆಯ ತೊಗಟೆಯೊಳಗೆ ಬೇರಿಳಿಸಿ, ಮರದ ನೀರನ್ನು ಹೀರಿ, ತಾನು ಮಾತ್ರ ಹಸಿರಾಗಿ ನಿಲ್ಲುತ್ತದೆ. ಉಪ್ಪಿಲು ಹತ್ತಿದ ಮರದಲ್ಲಿ ಕಾಯಿ ಕಡಿಮೆ; ಹೆಚ್ಚಾದರೆ ಮರವೇ ಒಣಗುತ್ತದೆ. ನೆಲ್ಲಿ, ಜೇನು, ಕಲ್ಲುಹೂವು ಆಯ್ದು ಬದುಕುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಉಪ್ಪಿಲು ಇಷ್ಟೊಂದು ಹಬ್ಬಿದ್ದೇಕೆ? ತರಗು ಬೆಂಕಿ ನಿಂತದ್ದರಿಂದ ಎಂಬುದು ಸೋಲಿಗ ಹಿರಿಯರ ಉತ್ತರ. ಬೇಸಿಗೆ ಬಲಿಯುವ ಮೊದಲೇ, ಉದುರಿದ ಎಲೆಗಳು ಇನ್ನೂ ತೆಳ್ಳಗೆ ಹರಡಿರುವಾಗ, ಅವರು ನೆಲಕ್ಕೆ ಬೆಂಕಿ ಹಚ್ಚುತ್ತಿದ್ದರು. ಉರಿ ಮೇಲೇಳದೆ ನೆಲ ಸವರಿಕೊಂಡು ಹೋಗುತ್ತಿತ್ತು. ದೊಡ್ಡ ಮರಗಳು ಉಳಿಯುತ್ತಿದ್ದವು, ಉಪ್ಪಿಲು ಸಾಯುತ್ತಿತ್ತು, ಸುಟ್ಟ ನೆಲದಲ್ಲಿ ಹೊಸ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಸೋಲಿಗರ ಪೋಡುಗಳು, ಅಂದರೆ ಊರುಗಳು, ಒಂದೆಡೆ ನೆಲೆ ನಿಂತವು, ಅಲೆಮಾರಿ ಬೇಸಾಯ ಹೋಯಿತು, ಬೆಂಕಿ ಹಚ್ಚುವುದು ಅಪರಾಧವಾಯಿತು.

ಹಿರಿಯರ ಈ ಮಾತನ್ನು ಯಾರಾದರೂ ಪರೀಕ್ಷಿಸಿ ನೋಡಬೇಕಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದಲ್ಲಿ ಆಗಲೇ ನೆಲೆಯೂರಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಆ ಕೇಂದ್ರದ ಮತ್ತು ಸೋಲಿಗರ ಜೊತೆ ಸೇರಿ ಕೆಲಸಕ್ಕಿಳಿದರು. ಕೊಯ್ಲಿಗೆ ಮುಂಚೆ ಮರದಲ್ಲಿ ಕಾಯಿ ಎಷ್ಟಿದೆ ಎಂದು ಅಂದಾಜು ಮಾಡುವುದು, ಕೊಯ್ದ ಮೇಲೆ ಎಷ್ಟು ಉಳಿಯಿತು ಎಂದು ಬರೆದಿಡುವುದು: ಈ ಎಣಿಕೆಯಲ್ಲಿ ಕಾಯಿ ಕೊಯ್ಯುವವರೇ ಪಾಲುದಾರರು. ನೆಲ್ಲಿ ಮತ್ತು ಉಪ್ಪಿಲಿನ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೆಂಕಿಗೂ ಬಂದಳಿಕೆಗೂ ಇರುವ ನಂಟನ್ನು ವಿಜ್ಞಾನಿಗಳು ಗಮನಿಸಿಯೇ ಇರಲಿಲ್ಲ, ಅದು ಸೋಲಿಗರ ಅರಿವಿನಿಂದ ಬಂತು ಎಂದು ದಾಖಲಿಸಿತು. ನೆಲ್ಲಿ ಸೊರಗಿದ್ದಕ್ಕೆ ಕಾಯಿ ಕೊಯ್ಯುವವರನ್ನೇ ದೂರುವುದು ಸುಲಭವಾಗಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಕಾಡನ್ನು ಆಕ್ರಮಿಸುತ್ತಿರುವ ಪೊದೆಕಳೆ ಲಂಟಾನದ ಕಥೆ ಇನ್ನೂ ಕಠಿಣ. ಕಾಡಿನ 134 ಗುರುತು ಜಾಗಗಳನ್ನು 1997ರಲ್ಲಿ ನೋಡಿದಾಗ ಶೇ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಶೇ 81ರಲ್ಲಿ. ಅದರ ಮೆಳೆಯಡಿ ಹುಲ್ಲು ಬೆಳೆಯುವುದಿಲ್ಲ, ನೆಲ್ಲಿಯ ಸಸಿ ಮೇಲೇಳುವುದಿಲ್ಲ, ಸೊಪ್ಪು ಕೀಳಲು ಗೆಡ್ಡೆ ಅಗೆಯಲು ಕಾಲಿಡುವ ದಾರಿಯೂ ಇರುವುದಿಲ್ಲ. ಇದಕ್ಕೂ ತರಗು ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ. ಹಾಗೆಂದು ಈಗ ಸುಮ್ಮನೆ ಕಡ್ಡಿ ಗೀರುವಂತಿಲ್ಲ. ಆಳೆತ್ತರ ಒಣಗಿ ನಿಂತ ಲಂಟಾನಕ್ಕೆ ತಗುಲಿದ ಉರಿ ನೇರ ಮರದ ತಲೆಗೇ ಏರುತ್ತದೆ. ಮೊದಲು ಮೆಳೆ ಕಡಿದು ಬೇರು ಕೀಳಬೇಕು, ಬೆಂಕಿಯ ಮಾತು ಆಮೇಲಿನದು.

ಕಾಡು ನೋಡಿಕೊಳ್ಳುವ ಅಧಿಕಾರ ಯಾರದು ಎಂಬುದೂ ಇದಕ್ಕೇ ಹೆಣೆದುಕೊಂಡಿದೆ. 2006ರ ಸುಮಾರಿಗೆ ವನ್ಯಜೀವಿ ಕಾಯ್ದೆಯ ಹೆಸರಿನಲ್ಲಿ ಕಿರು ಅರಣ್ಯ ಉತ್ಪನ್ನ ಆಯ್ದು ಮಾರುವುದಕ್ಕೆ ತಡೆ ಬಿತ್ತು. ಕೊಯ್ಲೇ ನಿಂತಾಗ ಲೆಕ್ಕವಿಡುವ ಕೆಲಸವೂ ಸೊರಗಿತು. 2011ರಲ್ಲಿ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದರು. ಅಷ್ಟರಲ್ಲಿ ಈ ಕಾಡು ಹುಲಿ ಮೀಸಲು ಪ್ರದೇಶವಾಗಿತ್ತು; ಅಂಥ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಸಮುದಾಯದಿಂದಲೇ ಬಂದು ಪಿಎಚ್‌ಡಿ ಪಡೆದ ಡಾ. ಸಿ. ಮಾದೇಗೌಡರಂಥವರು ಆ ಹೋರಾಟದಲ್ಲೂ ಸಂಶೋಧನೆಯಲ್ಲೂ ಇದ್ದರು. ಕಾಯ್ದೆಯ ಪ್ರಕಾರ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಗ್ರಾಮಸಭೆಗಿದೆ. ತರಗು ಬೆಂಕಿಯನ್ನು ಎಲ್ಲಿ, ಯಾವ ತಿಂಗಳಲ್ಲಿ, ಯಾರ ಕಾವಲಿನಲ್ಲಿ ಪರೀಕ್ಷಿಸಿ ನೋಡಬಹುದು ಎಂಬ ಚರ್ಚೆ ನಡೆಯಬೇಕಾದದ್ದು ಆ ಸಭೆಯಲ್ಲೇ, ಅರಣ್ಯ ಇಲಾಖೆಯನ್ನೂ ವಿಜ್ಞಾನಿಗಳನ್ನೂ ಎದುರಿಗೆ ಕೂರಿಸಿಕೊಂಡು.